ಕೆಳಗಿಂದ ಉತ್ತರ ಬರೋವರೆಗೂ...

ಮೊನ್ನೆ ಶನಿವಾರ ಬೆಳಿಗ್ಗೆ ನಿದ್ದೆ ಕೆಡಿಸಿದ್ದು ಚೈನ್‌ಸಾ ಸದ್ದು. ಪಕ್ಕದ ಮನೆಯವರ ಹಿತ್ತಲಲ್ಲಿ ಒಣಗಿ ನಿಂತಿದ್ದ ಮೇಪಲ್ ಮರ ಇಳಿಸೋಕೆ ನಾಲ್ಕು ಜನ ಬಂದಿದ್ರು. ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ಹೋದವನು ಒಂದು ಗಂಟೆ ಅಲ್ಲೇ ನಿಂತುಬಿಟ್ಟೆ. ಮೇಲಿದ್ದವನು ಪ್ರತಿ ಕೊಂಬೆಗೂ ಮೊದಲು "ಸ್ಟ್ಯಾಂಡ್ ಕ್ಲಿಯರ್" ಅಂತ ಕೂಗ್ತಿದ್ದ. ಕೆಳಗಿಂದ "ಆಲ್ ಕ್ಲಿಯರ್" ಅಂತ ಉತ್ತರ ಬರೋವರೆಗೂ ಗರಗಸ ಆಡಿಸ್ತಿರಲಿಲ್ಲ. ನಮ್ಮ ನೆಟ್‌ವರ್ಕಿನ ಹ್ಯಾಂಡ್‌ಶೇಕ್ ಇದ್ದ ಹಾಗೇ ಅಲ್ವಾ ಅಂತ ನಗು ಬಂತು.

ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನಗು ನಿಂತುಹೋಯಿತು.

ಅಮೆರಿಕದ ಕಾಡುಗಳಲ್ಲಿ ಮರ ಕಡಿಯುವವರು, ಮುರಿದು ಮೇಲೆಲ್ಲೋ ಸಿಕ್ಕಿಕೊಂಡ ಕೊಂಬೆಗೆ ಇಟ್ಟ ಹೆಸರು 'ವಿಡೋ ಮೇಕರ್'. ಅಂದ್ರೆ ಹೆಂಡತಿಯನ್ನು ವಿಧವೆ ಮಾಡುವಂಥದ್ದು! ಸಾವು ಆ ಕೆಲಸದ ಜೊತೆಗೇ ಬರುತ್ತೆ ಅಂತ ಒಪ್ಪಿಕೊಂಡವರು ಮಾತ್ರ ಹಾಗೆ ಹೆಸರಿಡೋಕೆ ಸಾಧ್ಯ.

ಹಾಗೆ ಒಪ್ಪಿಕೊಳ್ಳದವಳು ಒಬ್ಬ ತಾಯಿ. ನ್ಯೂಯಾರ್ಕ್ ರಾಜ್ಯದ ಫೇರ್‌ಪೋರ್ಟ್ ಊರಿನಾಕೆ. 1960ರ ದಶಕದಲ್ಲಿ ಆಕೆಯ 19 ವರ್ಷದ ಮಗ ಮರ ಸವರುವ ಕೆಲಸದಲ್ಲಿ ಸತ್ತುಹೋದ. ಈ ಕೆಲಸಕ್ಕೆ ಸುರಕ್ಷತೆಯ ನಿಯಮ ಬೇಕು ಅಂತ ಆಕೆ ಪತ್ರದ ಮೇಲೆ ಪತ್ರ ಬರೆದಳು. ಗೆಳೆಯರು, ವಕೀಲರು, ಶಾಸಕರು ಜೊತೆಗೂಡಿದರು. 1968ರಲ್ಲಿ ಒಂದು ಸಮಿತಿ ಹುಟ್ಟಿತು. 1972ರಲ್ಲಿ 'ಝೆಡ್ 133' ಅನ್ನೋ ಮಾನದಂಡದ ಮೊದಲ ಆವೃತ್ತಿ ಬಂತು. ಈ ನಡುವೆ 1970ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಕಾರ್ಮಿಕ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದ್ದರು, 1971ರಲ್ಲಿ ಓಶಾ ಸಂಸ್ಥೆ ಕೆಲಸ ಶುರು ಮಾಡಿತ್ತು.

ಝೆಡ್ 133 ತಾನಾಗಿಯೇ ಕಾನೂನಲ್ಲ. ಆದರೆ ಅವಘಡ ಆದಾಗ ಮಾಲೀಕ ಏನು ಮಾಡಬೇಕಿತ್ತು ಅಂತ ಅಳೆಯೋಕೆ ಓಶಾದವರು ಇದನ್ನು ಬಳಸುವುದುಂಟು. ಓದಿದರೆ ಎಲ್ಲಾ ಸರಳ ಮಾತುಗಳೇ. ಕೆಲಸ ಶುರುವಾಗೋ ಮುಂಚೆ ಎಲ್ಲರೂ ಸೇರಿ ಅಪಾಯಗಳನ್ನು ಮಾತಾಡಿಕೊಳ್ಳಿ. ತಲೆಗೆ ಹೆಲ್ಮೆಟ್ ಇರಲಿ. ವಿದ್ಯುತ್ ತಂತಿ ಬಳಿ ಕೆಲಸ ಮಾಡುವ ತರಬೇತಿ ಇಲ್ಲದವರು ಕನಿಷ್ಠ 10 ಅಡಿ ದೂರ ಇರಿ. ಕೊಂಬೆ ಚೂರು ಮಾಡುವ ಯಂತ್ರದ ಬಾಯೊಳಗೆ ಕೈ ಹಾಕಬೇಡಿ. ಮೇಲಿನವನು ಕೂಗಲಿ, ಕೆಳಗಿನವನು ಉತ್ತರಿಸಲಿ.

ಇದನ್ನೆಲ್ಲ ಓದುವಾಗ ನೆನಪಾಗಿದ್ದು ನಮ್ಮೂರಿನ ಹಲಸಿನ ಮರ. ನಾನಾಗ ಆರನೇ ಕ್ಲಾಸು. ಮರ ಮನೆಯ ಹಂಚಿನ ಮೇಲೆ ವಾಲಿತ್ತು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ಅಪ್ಪ ಅರ್ಜಿ ಹಾಕಿ, ಓಡಾಡಿ ಅನುಮತಿ ತಂದರು. ತಪ್ಪೇನಿಲ್ಲ, ಮರ ಉಳಿಯಬೇಕು ಅಂತಲೇ ಮಾಡಿದ ಕಾನೂನದು. ಹತ್ತುವವನ ಜೀವ ಅದರ ವಿಷಯ ಅಲ್ಲ.

ಅದು ನಮ್ಮ ವಿಷಯ ಆಗಬೇಕಿತ್ತು. ಮರ ಹತ್ತಿದ ಅಣ್ಣನ ಸೊಂಟದಲ್ಲಿ ಕತ್ತಿ ಇತ್ತು, ಹಗ್ಗ ಇರಲಿಲ್ಲ. ನಾವು ಮಕ್ಕಳು ಜಗಲಿ ಮೇಲೆ ಕೂತು ಸಿನಿಮಾ ನೋಡೋ ಹಾಗೆ ನೋಡ್ತಿದ್ವಿ. ಕಡಿದ ಕೊಂಬೆ ತಿರುಗಿ ಹೊಡೆದು ಅವನು ಬಿದ್ದ. ಸೊಂಟ ಮುರಿಯಿತು. ಅಪ್ಪ ಆಸ್ಪತ್ರೆ ಖರ್ಚು ಕೊಟ್ಟರು. "ಅವನ ಗ್ರಹಚಾರ" ಅಂದರು ಅಜ್ಜಿ. ಅವನು ಮತ್ತೆ ಮರ ಹತ್ತಲಿಲ್ಲ. ಆ ಮಾತನ್ನು ನಾನೂ ಇಷ್ಟು ವರ್ಷ ನಂಬಿಕೊಂಡೇ ಇದ್ದೆ.

ಗ್ರಹಚಾರ ಅಂದುಬಿಟ್ಟರೆ ಮುಂದೆ ಕೇಳೋಕೆ ಏನೂ ಉಳಿಯಲ್ಲ. ಫೇರ್‌ಪೋರ್ಟಿನ ಆ ತಾಯಿ ಹಾಗನ್ನಲಿಲ್ಲ, ಅಷ್ಟೇ ವ್ಯತ್ಯಾಸ. ಇಲ್ಲೂ ಈ ಕೆಲಸದಲ್ಲಿ ಜನ ಸಾಯೋದು ನಿಂತಿಲ್ಲ, ನಿಜ. ಆದರೆ ಸತ್ತಾಗ ಯಾವುದು ತಪ್ಪಿತು ಅಂತ ಕೇಳೋಕೆ ಒಂದು ಪಟ್ಟಿ ಇದೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ಮಳೆಗಾಲಕ್ಕೆ ಮುಂಚೆ ಇನ್ನೊಂದು ಮರ ಕಡಿಸಬೇಕಂತೆ. "ಅಪ್ಪಾ, ಹತ್ತೋರಿಗೆ ಹಗ್ಗ, ಹೆಲ್ಮೆಟ್ ಇದೆಯಾ ಕೇಳಿ. ಇಲ್ಲಾಂದ್ರೆ ನಾನು ದುಡ್ಡು ಕಳಿಸ್ತೀನಿ, ತರಿಸಿ" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆಯ್ತು, ಕೇಳ್ತೀನಿ" ಅಂದರು. ಇಬ್ಬರಿಗೂ ಹಲಸಿನ ಮರವೇ ನೆನಪಾಗಿತ್ತು ಅಂತ ಕಾಣುತ್ತೆ.

ನಿಮ್ಮ ಮನೇಲಿ ಕೊನೆಯ ಸಲ ಮರ ಕಡಿಸಿದಾಗ, ಹತ್ತಿದವರ ಸೊಂಟದಲ್ಲಿ ಹಗ್ಗ ಇತ್ತಾ?