ತಲೆಕೆಳಗಾಗಿ ತೂಗಿದ ನೇಗಿಲು



ತೆರಕಣಾಂಬಿಯ ಜಾನುವಾರು ಸಂತೆಯನ್ನು ನೀವು ಕಂಡಿರಬಹುದು. ಎತ್ತು ಕೊಳ್ಳಲು ಬಂದ ರೈತ ಮೊದಲು ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೆಲವು ರಾಸುಗಳ ಮೈಮೇಲೆ ಬರೆಯ ಗುರುತೂ ಇರುತ್ತದೆ. ಇಂಗ್ಲಿಷಿನ ‘ಬ್ರಾಂಡ್’ ಎಂಬ ಪದ ಮೂಲತಃ ಇಂಥದೇ ಬರೆಯನ್ನು ಸೂಚಿಸುತ್ತಿತ್ತು. ಕಾಯಿಸಿದ ಕಬ್ಬಿಣದಿಂದ ದನದ ಮೈಗೆ ಒತ್ತಿದ ಒಡೆಯನ ಗುರುತು ಅದು. ಮುಂದೆ ಆ ಪದ ಸಾಬೂನಿಗೂ ಚಹಾ ಪೊಟ್ಟಣಕ್ಕೂ ಅಂಟಿಕೊಂಡಿತು. 1997ರಲ್ಲಿ ಅಮೆರಿಕದ ಟಾಮ್ ಪೀಟರ್ಸ್ ಎಂಬ ಲೇಖಕ ‘ಫಾಸ್ಟ್ ಕಂಪನಿ’ ಎಂಬ ಪತ್ರಿಕೆಯಲ್ಲಿ, ಪ್ರತಿಯೊಬ್ಬ ಮನುಷ್ಯನೂ ತನ್ನನ್ನೇ ಒಂದು ಬ್ರಾಂಡ್ ಎಂದು ತಿಳಿದು ಬೆಳೆಸಿಕೊಳ್ಳಬೇಕೆಂದು ವಾದಿಸಿದ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ಬಂದ ಮೇಲೆ ಆ ಸಲಹೆ ನಮ್ಮ ಹಳ್ಳಿಯ ಮಕ್ಕಳ ಕೈಯಲ್ಲಿರುವ ಫೋನಿಗೂ ತಲುಪಿದೆ.

ಮನುಷ್ಯನ ಹೆಸರು ಮಾರುಕಟ್ಟೆಯ ಗುರುತಾದಾಗ, ‘ಇದು ತಪ್ಪು, ನಾನು ಒಪ್ಪುವುದಿಲ್ಲ’ ಎಂದು ಬಹಿರಂಗವಾಗಿ ಹೇಳುವ ಅವನ ಶಕ್ತಿ ಏನಾಗುತ್ತದೆ? ಈ ಪ್ರಶ್ನೆಯನ್ನು ಹಿಡಿದು ನಮ್ಮ ಸೀಮೆಯ ಇತಿಹಾಸದ ಒಂದು ಪುಟವನ್ನು ತೆರೆಯೋಣ.

ತೆರಕಣಾಂಬಿಗೆ ಸಮೀಪದ ಗುಂಡ್ಲುಪೇಟೆಗೂ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೂ ಹತ್ತಿರದ ನಂಟು. ಪಟ್ಟಕ್ಕೆ ಬರುವ ಮುನ್ನ ಅವರು ತಂದೆಯೊಡನೆ ಹಂಗಳದಲ್ಲಿ ಬಂಧನದಲ್ಲಿದ್ದರು. ಮುಂದೆ ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. 1673ರಿಂದ 1704ರವರೆಗೆ ಆಳಿದ ಈ ಅರಸರು ಸಮರ್ಥರು, ಸಾಹಿತ್ಯಪ್ರಿಯರು. ಯಳಂದೂರಿನ ಸಂಚಿ ಹೊನ್ನಮ್ಮನಿಗೆ ಆಶ್ರಯ ದೊರೆತದ್ದು ಇವರ ಅರಮನೆಯಲ್ಲೇ. ಮಂತ್ರಿ ತಿರುಮಲಾರ್ಯನು ‘ಅಪ್ರತಿಮವೀರಚರಿತೆ’ ಎಂಬ ಅಲಂಕಾರಗ್ರಂಥದ ಉದಾಹರಣೆಗಳಲ್ಲೂ ಅರಸರನ್ನೇ ಹೊಗಳಿದನು. ಬೊಕ್ಕಸ ತುಂಬಿದ ಅರಸನಿಗೆ ‘ನವಕೋಟಿ ನಾರಾಯಣ’ ಎಂಬ ಬಿರುದೂ ನಿಂತಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಆ ಕಾಲದಲ್ಲಿ ಬ್ರಾಂಡ್ ಇದ್ದದ್ದು ಅರಸನಿಗೆ.

ಆ ಬೊಕ್ಕಸ ತುಂಬಿದ ಬಗೆಯನ್ನು, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ವಿವರಿಸಿದ್ದಾನೆ. ಬೆಳೆಯಲ್ಲಿ ಆರನೆಯ ಒಂದು ಭಾಗವೇ ಅರಸನ ಪಾಲು ಎಂಬ ಶಾಸ್ತ್ರದ ಮಾತನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಹತ್ತಾರು ಸಣ್ಣಪುಟ್ಟ ತೆರಿಗೆಗಳನ್ನು ಹೇರಲಾಯಿತು. ರೈತರು ಉತ್ತರ ಕೊಟ್ಟ ರೀತಿ ಅಪೂರ್ವವಾದದ್ದು. ಅವರು ಉಳುಮೆ ನಿಲ್ಲಿಸಿದರು. ಊರಬಾಗಿಲಿನಲ್ಲಿ, ಎಲ್ಲರೂ ನೆರಳಿಗೆ ಕೂತು ಮಾತನಾಡುವ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರು. ನೋಡಿದವರಿಗೆ ಅರ್ಥ ತಾನಾಗಿ ತಿಳಿಯುತ್ತಿತ್ತು: ಈ ಊರು ಇನ್ನು ಉಳುವುದಿಲ್ಲ.

ಅದಕ್ಕೆ ತೆತ್ತ ಬೆಲೆ ಘೋರವಾದದ್ದು. ದಂಗೆಗೆ ಕುಮ್ಮಕ್ಕು ಕೊಟ್ಟರೆಂಬ ಆರೋಪದ ಮೇಲೆ ಸುಮಾರು 400 ಮಂದಿ ಜಂಗಮರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಲಾಯಿತೆಂದು ವಿಲ್ಕ್ಸ್ ಬರೆಯುತ್ತಾನೆ. ಈ ವೃತ್ತಾಂತದ ಸತ್ಯಾಸತ್ಯತೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ವಿಲ್ಕ್ಸ್‌ನ ಕಥನದಲ್ಲಿ ಅರಸನಿಗೆ ಹೆಸರಿದೆ, ಮಂತ್ರಿಗಳಿಗೆ ಹೆಸರಿದೆ. ನೇಗಿಲು ತೂಗಿದ ರೈತರು ಮಾತ್ರ ಹೆಸರಿಲ್ಲದವರು. ನಮಗೆ ಉಳಿದಿರುವುದು ಅವರ ನೇಗಿಲು ಮಾತ್ರ.

ಮೂರು ಶತಮಾನಗಳ ನಂತರ, 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು ಹಸಿರು ಶಾಲನ್ನು ತನ್ನ ಗುರುತಾಗಿ ಮಾಡಿಕೊಂಡಿತು. ಆ ಶಾಲು ಹೊದ್ದವನು ಎರಡು ಎಕರೆಯವನೋ ಇಪ್ಪತ್ತು ಎಕರೆಯವನೋ ಎಂದು ಕಚೇರಿಯ ಅಧಿಕಾರಿಗೆ ತಿಳಿಯುತ್ತಿರಲಿಲ್ಲ. ಅವನ ಹಿಂದೆ ಒಂದು ಸಮುದಾಯವಿದೆ ಎಂಬುದು ತಿಳಿಯುತ್ತಿತ್ತು. ಸಂಘದ ನಾಯಕರಾಗಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನ ‘ಅಮೃತಭೂಮಿ’ ನಮ್ಮ ಚಾಮರಾಜನಗರದ ಹೊಂಡರಬಾಳಿನಲ್ಲೇ ಇದೆ. ಅದೇ ಸಂಘ ಮುಂದೆ ನಾಯಕರ ಹೆಸರುಗಳ ಸುತ್ತ ಬಣಗಳಾಗಿ ಒಡೆಯಿತೆಂಬುದೂ ಇತಿಹಾಸವೇ. ಹೆಸರಿನ ಹಂಬಲ ಫೋನಿನೊಂದಿಗೆ ಹುಟ್ಟಿದ ರೋಗವಲ್ಲ. ಫೋನು ಅದನ್ನು ಮನೆಮನೆಗೆ ಹಂಚಿತು, ಅಷ್ಟೆ.

ಇಂದು ನಮ್ಮ ಯುವಕನೊಬ್ಬ ಕೆರೆಯ ಒತ್ತುವರಿಯ ವಿರುದ್ಧ ಮಾತನಾಡಬಯಸುತ್ತಾನೆ ಎನ್ನಿ. ಬರೆಯುವ ಮೊದಲೇ ಅವನ ಮನಸ್ಸು ಲೆಕ್ಕ ಹಾಕುತ್ತದೆ. ನನ್ನನ್ನು ಅನುಸರಿಸುವವರು ಬೇಸರಗೊಂಡಾರೇ? ನಾಳೆ ಕೆಲಸ ಕೊಡುವವರು ಇದನ್ನು ನೋಡಿಯಾರೇ? ಹೀಗೆ ಒಬ್ಬನು ಮೌನಿಯಾಗುತ್ತಾನೆ. ಇನ್ನೊಬ್ಬನು ತನ್ನ ಗುಂಪು ಚಪ್ಪಾಳೆ ತಟ್ಟುವ ಮಾತನ್ನಷ್ಟೇ ಗಟ್ಟಿಯಾಗಿ ಆಡುತ್ತಾನೆ. ಎದುರಿನವನ ಮಾತಿನಲ್ಲಿ ಸತ್ಯ ಕಂಡರೂ ಒಪ್ಪಲಾರ, ಏಕೆಂದರೆ ತಾನು ಕಟ್ಟಿಕೊಂಡ ಚಿತ್ರ ಕೆಡುತ್ತದೆ. ಮೊದಲನೆಯವನಲ್ಲಿ ಭಿನ್ನಮತ ಸಾಯುತ್ತದೆ, ಎರಡನೆಯವನಲ್ಲಿ ಸಂವಾದ ಸಾಯುತ್ತದೆ.

ಹಾಗೆಂದು ಈ ಮಾಧ್ಯಮವನ್ನು ಹಳಿದು ಕೂರುವುದು ನ್ಯಾಯವಲ್ಲ. ಯಾರೂ ಕೇಳದ ಊರಿನ ಕೂಗು ಅದರಿಂದ ರಾಜಧಾನಿಗೆ ಮುಟ್ಟಿದ ನಿದರ್ಶನಗಳಿವೆ. ಮನವಿಪತ್ರದ ಕೆಳಗೆ ಧೈರ್ಯವಾಗಿ ಸಹಿ ಮಾಡುವವನು ತನ್ನ ಹೆಸರನ್ನು ಸತ್ಯಕ್ಕಾಗಿ ಪಣಕ್ಕಿಡುತ್ತಾನೆ. ಹೆಸರು ಮರೆಸಿಕೊಂಡು ಕೆಸರೆರಚುವವನಿಗಿಂತ ಅವನು ದೊಡ್ಡವನು. ಆದ್ದರಿಂದ ನಮ್ಮನ್ನು ನಾವು ಕೇಳಿಕೊಳ್ಳಬೇಕಾದುದು ಇಷ್ಟೇ: ಸತ್ಯಕ್ಕಾಗಿ ಹೆಸರನ್ನು ಖರ್ಚು ಮಾಡುತ್ತಿದ್ದೇವೆಯೋ, ಸತ್ಯವನ್ನು ಖರ್ಚು ಮಾಡಿ ಹೆಸರನ್ನು ಗಳಿಸುತ್ತಿದ್ದೇವೆಯೋ?

ಇದನ್ನು ಬರೆಯುವ ನಾನೂ ಈ ಪರೀಕ್ಷೆಯಲ್ಲಿ ಸೋತವನೇ. ಕುಡಿಯುವ ನೀರಿಗಾಗಿ ಹೆಂಗಸರು ಕೊಡಗಳೊಂದಿಗೆ ಕೂತಿದ್ದ ಒಂದು ಧರಣಿಗೆ ಹೋಗಿದ್ದೆ. ಯಾರೋ ತೆಗೆದ ನನ್ನ ಚಿತ್ರವನ್ನು ಅಂದು ರಾತ್ರಿ ಹಾಕಿದೆ. ಬೆಳಗಿನ ಪ್ರಾರ್ಥನೆಗೂ ಮೊದಲು ಎಷ್ಟು ಮಂದಿ ಮೆಚ್ಚಿದ್ದಾರೆಂದು ನೋಡಿದೆ. ನಲ್ಲಿಯಲ್ಲಿ ನೀರು ಬಂದಿತೇ ಎಂದು ವಿಚಾರಿಸಲು ನನಗೆ ನೆನಪಾದದ್ದು ಮೂರನೆಯ ದಿನ. ಬಂದಿರಲಿಲ್ಲ.

2023ರ ಮೇ 28ರಂದು ವ್ಯಾಟಿಕನ್ನಿನ ಸಂಪರ್ಕ ವಿಭಾಗವು ಸಾಮಾಜಿಕ ಜಾಲತಾಣಗಳ ಕುರಿತು ಹೊರಡಿಸಿದ ಪಾಲನಾ ಚಿಂತನೆಯು, ಒಳ್ಳೆಯ ಸಮಾರಿಯದವನ ಸಾಮತಿಯನ್ನೇ ಆಧಾರವಾಗಿ ತೆಗೆದುಕೊಂಡಿದೆ. ಸಂತ ಲೂಕನ ಶುಭಸಂದೇಶದ ಆ ಕಥೆಯಲ್ಲಿ ದಾರಿ ಬಿಟ್ಟು ಹೋದ ಯಾಜಕನಿಗೂ ಲೇವಿಯನಿಗೂ ಸಮಾಜದಲ್ಲಿ ಕಾಪಾಡಿಕೊಳ್ಳಬೇಕಾದ ಸ್ಥಾನವಿತ್ತು. ಗಾಯಗಳಿಗೆ ಎಣ್ಣೆ ಹೊಯ್ದವನ ಹೆಸರನ್ನು ಪ್ರಭು ಯೇಸು ಹೇಳಲೇ ಇಲ್ಲ. ಎರಡು ಸಾವಿರ ವರ್ಷಗಳಾದರೂ ಅವನ ಕಾರ್ಯ ಮಾತ್ರ ನಮ್ಮನ್ನು ಕಾಡುತ್ತಿದೆ.

ಪ್ರಿಯ ಪೋಷಕರೇ, ನಿಮ್ಮ ಮಗನೋ ಮಗಳೋ ಅನ್ಯಾಯವೊಂದನ್ನು ಕುರಿತು ಬರೆಯಹೊರಟಾಗ ತಡೆಯಬೇಡಿ. ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ: ‘ಈ ಚಿತ್ರದಲ್ಲಿ ನೀನು ಇಲ್ಲದಿದ್ದರೂ ಇದನ್ನು ಹಾಕುತ್ತಿದ್ದೆಯಾ?’ ಅದೇ ಪ್ರಶ್ನೆಯನ್ನು ನಾನೂ ನನಗೆ ಕೇಳಿಕೊಳ್ಳುತ್ತಿದ್ದೇನೆ. ಆ ಹೆಂಗಸರ ಬಳಿಗೆ ಮತ್ತೆ ಹೋಗಿದ್ದೆ. ಈ ಬಾರಿ ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ.