ಬೆಂಕಿಪುರದಿಂದ ಕಲಿತ ಕಾಡಿನ ಪಾಠ

ಈಗೀಗ ನಮ್ಮ ವಾಟ್ಸಾಪ್ ಗುಂಪುಗಳಿಗೆ ಇಂಥ ಸಂದೇಶ ಆಗಾಗ ಬರುತ್ತದೆ: 'ಭಾನುವಾರ ಪ್ರಕೃತಿ ಶಿಬಿರ. ಹಕ್ಕಿ ನೋಡೋಣ, ಮರ ಗುರುತಿಸೋಣ. ಟೋಪಿ, ನೀರಿನ ಬಾಟಲ್ ತನ್ನಿ.' ಒಳ್ಳೆಯದೇ. ಆದರೆ ಊರಿನ ಹಿರಿಯರು ನಗುತ್ತಾರೆ: 'ಕಾಡಿನ ಪಕ್ಕ ಹುಟ್ಟಿದವರಿಗೆ ಕಾಡು ಕಲಿಸೋಕೆ ಶಿಬಿರ ಬೇಕಾ?'

ಈ ಪ್ರಶ್ನೆಗೆ ಉತ್ತರ ಹುಡುಕಲು ಭದ್ರಾವತಿಯ ಓಲ್ಡ್ ಟೌನ್‌ನಿಂದಲೇ ಹೊರಡೋಣ. ಕಾಡು ಮತ್ತು ನದಿ ಏನು ಬೆಲೆ ತೆರುತ್ತವೆ ಎಂಬುದನ್ನು ಈ ಊರಿನಷ್ಟು ಹತ್ತಿರದಿಂದ ಕಂಡ ಊರುಗಳು ಕಡಿಮೆ.

ಇದ್ದಿಲಿನ ಹಸಿವು

ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಪಕ್ಕದಲ್ಲಿ ಭದ್ರಾ ಹೊಳೆ. ಇದು ಹಳೇ ಊರು. ಆಗ ಇದರ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ ಇಲ್ಲಿ ದೊಡ್ಡ ಬೆಂಕಿ ಹೊತ್ತಿಕೊಂಡದ್ದು ಮಾತ್ರ ಕಾರ್ಖಾನೆ ಬಂದ ಮೇಲೆ. ಮೈಸೂರು ಸರ್ಕಾರ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಊದುಕುಲುಮೆ ಕಬ್ಬಿಣ ಕೊಡತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯ ಅದನ್ನು ಮುನ್ನಡೆಸಿದರು. ಇವತ್ತು ನಾವು ವಿಐಎಸ್ಎಲ್ ಎನ್ನುವುದು ಇದನ್ನೇ.

ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಮೈಸೂರು ಸೀಮೆಯಲ್ಲಿ ಇರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಮರ ಕಡಿದು ಇದ್ದಿಲು ಮಾಡಿ ಕುಲುಮೆಗೆ ಸುರಿದರು. ಇದ್ದಿಲು ಎರಡು ಕೆಲಸ ಮಾಡುತ್ತದೆ. ಕುಲುಮೆಗೆ ಕಾವು ಕೊಡುತ್ತದೆ. ಅದಿರಿನೊಳಗಿನ ಆಮ್ಲಜನಕವನ್ನು ಎಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಬಿಡದೆ, ಅದರಿಂದ ಮರದ ಸ್ಪಿರಿಟ್, ಡಾಂಬರು ತೆಗೆಯುವ ಘಟಕವನ್ನು ಇಲ್ಲಿ ಕಟ್ಟಿದ್ದರು. ಆಮೇಲೆ 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಎಂಪಿಎಂ ಬಂತು. ಅದಕ್ಕೆ ಬಿದಿರು ಬೇಕಾಯಿತು, ತಿರುಳಿನ ಮರ ಬೇಕಾಯಿತು.

ಈ ಕಾರ್ಖಾನೆಗಳನ್ನು ಬೈದು ಮುಗಿಸುವುದು ಸುಲಭ. ಆದರೆ ಎಷ್ಟೋ ಮನೆಗಳ ಅನ್ನ, ಮಕ್ಕಳ ಓದು, ಮಗಳ ಮದುವೆ ಎಲ್ಲ ಅಲ್ಲಿಂದಲೇ ಬಂದವು. ಕಾಡು ಕರಗಿತು, ಊರು ಬೆಳೆಯಿತು. ಎರಡೂ ನಿಜ. ಕಾಡನ್ನು ಸೌದೆಯ ಲೆಕ್ಕದಲ್ಲಿ, ಟನ್ನಿನ ಲೆಕ್ಕದಲ್ಲಿ ಮಾತ್ರ ನೋಡುವ ಕಣ್ಣು ಆಗ ಎಲ್ಲರದ್ದೂ ಆಗಿತ್ತು. ಬೇರೆ ಕಣ್ಣಿಂದ ನೋಡುವುದನ್ನು ಜನ ಎಲ್ಲಿ ಕಲಿತರು?

ಕರಿಹಲಗೆ ಇಲ್ಲದ ಶಾಲೆ

ಅದಕ್ಕೆ ಪಕ್ಕದ ಉತ್ತರ ಕನ್ನಡಕ್ಕೆ ಹೋಗಬೇಕು. ಶಿರಸಿ ತಾಲ್ಲೂಕಿನ ಸಾಲ್ಕಣಿ. 1983ರ ಸೆಪ್ಟೆಂಬರ್ 8. ಮರ ಕಡಿಯಲು ಬಂದವರ ಮುಂದೆ ಹೆಂಗಸರು, ಗಂಡಸರು, ಮಕ್ಕಳು ಹೋಗಿ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. 38 ದಿನ ನಡೆದ ಮೇಲೆ ಕಡಿತ ನಿಂತಿತು.

ಅಪ್ಪಿಕೊಂಡ ಚಿತ್ರ ಎಲ್ಲರಿಗೂ ನೆನಪಿದೆ. ಅದರ ಹಿಂದಿನ, ಮುಂದಿನ ಕಲಿಕೆ ಅಷ್ಟಾಗಿ ನೆನಪಿಲ್ಲ. ಹಿಮಾಲಯದ ಚಿಪ್ಕೋದ ಸುಂದರಲಾಲ್ ಬಹುಗುಣ ಈ ಕಡೆ ಬಂದು ಅಲ್ಲಿಯ ಅನುಭವ ಹೇಳಿದ್ದರು. ಪಾಂಡುರಂಗ ಹೆಗಡೆ ಮತ್ತು ಊರೂರಿನ ಯುವಕರು ಕಾಡಿನೊಳಗೆ ಪಾದಯಾತ್ರೆ ಮಾಡಿದರು. ಸ್ಲೈಡ್ ಶೋ, ಜಾನಪದ ಕುಣಿತ, ಬೀದಿ ನಾಟಕ ಎಲ್ಲವೂ ಪಾಠವಾದವು. ಒಂದು ಮರ ಉರುಳಿದರೆ ಸುತ್ತಲಿನ ಎಷ್ಟು ಮರ ನುಗ್ಗಾಗುತ್ತವೆ ಎಂಬುದನ್ನು ಜನರೇ ನೋಡಿ ತೋರಿಸಿದರು. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಬೇಸಗೆಯಲ್ಲಿ ಹಳ್ಳದ ನೀರು ಎಲ್ಲಿಂದ ಬರುತ್ತವೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಎಲ್ಲರೂ ಕೂತು ಜೋಡಿಸಿದ್ದೇ ಹೊಸತು. 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತು ಅಲ್ಲಿ ಹುಟ್ಟಿತು. ಗಮನಿಸಿ, 'ಮುಟ್ಟಬೇಡ' ಎಂದು ಅವರು ಹೇಳಲಿಲ್ಲ. 'ಬಳಸು' ಎಂದೂ ಹೇಳಿದರು. ಈ ಗಾಳಿ ಶಿವಮೊಗ್ಗದ ಕಡೆಗೂ ಬೀಸಿತು.

ಕಿತ್ತಿಕೋ, ಹಚ್ಚಿಕೋ

ಎರಡನೇ ಪಾಠ ಅರೆಮಲೆನಾಡಿನದು. 1984ರಲ್ಲಿ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿಕೊಂಡವು. ಶಿವಮೊಗ್ಗ, ಚಿಕ್ಕಮಗಳೂರು, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆ ಭೂಮಿಯಲ್ಲಿ ನೀಲಗಿರಿ ನೆಡುವ ಯೋಜನೆ ಅದು. ಕಾಗದದಲ್ಲಿ ಅದು 'ಪಾಳು ಭೂಮಿ'. ಊರಿನವರಿಗೆ ಅದು ದನ ಮೇಯುವ, ಸೌದೆ ತರುವ ಜಾಗ. ನೀಲಗಿರಿ ಎಲೆಯನ್ನು ದನ ತಿನ್ನುವುದಿಲ್ಲ.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರು ತಿರುಗಿ ಈ ವಿಷಯ ತಿಳಿಸಿತು. ಸುಪ್ರೀಂ ಕೋರ್ಟಿಗೂ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ಕಡೆಯ ಮಾತಿನಲ್ಲಿ ಗಿಡ 'ಹಚ್ಚು'ವುದೆಂದರೆ ನೆಡುವುದು. ಅದಕ್ಕೇ ಅದು ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಆ ಕಂಪನಿ ಮುಚ್ಚಿತು.

ಅದೇ ನವೆಂಬರ್‌ನಲ್ಲಿ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆಯೂ ಹೊರಟಿತ್ತು. ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ. ಊರೂರಲ್ಲಿ ಉಳಿದು, ಮಾತಾಡಿಸಿ, ಕೇಳಿಸಿಕೊಂಡು ನಡೆದ ತಂಡಗಳು 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಒಂದಾದವು. ನೂರು ದಿನ ನಡೆದ ಶಿಬಿರ ಎನ್ನಬಹುದು.

ಹೊಳೆಯ ಮೇಲ್ಗಡೆ ನಡೆದದ್ದು

ಮೂರನೆಯದು ನೇರವಾಗಿ ನಮ್ಮ ಹೊಳೆಯ ಕತೆ. ಭದ್ರೆ ಹುಟ್ಟುವ ಗಂಗಾಮೂಲದ ಸೀಮೆಯಲ್ಲೇ ಕುದುರೆಮುಖದ ಕಬ್ಬಿಣದ ಗಣಿ ಇತ್ತು. ಮಳೆಗಾಲದಲ್ಲಿ ಗಣಿಯ ಹೂಳು ಹೊಳೆಗೆ ಇಳಿಯುತ್ತಿತ್ತು. ಅದರ ವಿರುದ್ಧ ಮಲೆನಾಡಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು.

ಆ ಮೊಕದ್ದಮೆಯಲ್ಲಿ ಇರುವ ಹೆಸರು ಕೆ.ಎಂ. ಚಿಣ್ಣಪ್ಪ ಅವರದು. ನಾಗರಹೊಳೆಯಲ್ಲಿ ದೀರ್ಘಕಾಲ ರೇಂಜರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಅವರು ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು, ವಿದ್ಯಾರ್ಥಿಗಳನ್ನು ಸೇರಿಸಿ ವನ್ಯಜೀವಿ ಶಿಬಿರ ನಡೆಸುವುದು. ಮಕ್ಕಳಿಗೆ ಕಾಡು ತೋರಿಸುತ್ತಿದ್ದವರೇ ಕೋರ್ಟಿನ ಬಾಗಿಲನ್ನೂ ತಟ್ಟಿದರು. ಹೊಳೆಯ ಮೇಲ್ಗಡೆ ಅವರಂಥವರು ಕಲಿಸಿದ್ದರ ಫಲ ಕೆಳಗಡೆಯ ಭದ್ರಾವತಿಗೂ ಸಿಕ್ಕಿತು.

ಈಗ ನಮ್ಮ ಸರದಿ

ಎಂಪಿಎಂ ಯಂತ್ರಗಳು 2015ರಿಂದ ನಿಂತಿವೆ. ಆದರೆ ಅದಕ್ಕಾಗಿ 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯ ಅಕೇಶಿಯಾ, ನೀಲಗಿರಿ ನಮ್ಮ ಸುತ್ತ ನಿಂತೇ ಇವೆ. 2020ರಲ್ಲಿ ಗುತ್ತಿಗೆ ಮುಗಿದು ಸರ್ಕಾರ ಅದನ್ನು ಮತ್ತೆ ಮುಂದುವರಿಸಿದಾಗ 'ನಮ್ಮೂರಿಗೆ ಅಕೇಶಿಯಾ ಬೇಡ' ಎಂದು ಮಲೆನಾಡಿನವರು ಬೀದಿಗಿಳಿದರು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟಿತು. ಅಂದರೆ ಆ ಶಾಲೆ ಇನ್ನೂ ಮುಚ್ಚಿಲ್ಲ.

ಹಿರಿಯರ ಪ್ರಶ್ನೆಗೆ ಬರೋಣ. ಕಾಡಿನ ಪಕ್ಕ ಹುಟ್ಟಿದ್ದಕ್ಕೇ ಕಾಡು ಗೊತ್ತಾಗುವುದಾದರೆ ಸಾಲ್ಕಣಿಯವರು ಸ್ಲೈಡ್ ಶೋ ನೋಡಬೇಕಿರಲಿಲ್ಲ. ಗೊತ್ತಿರುವುದನ್ನು ಕೂಡಿ ಕೂತು ಹಂಚಿಕೊಳ್ಳಲು ಶಿಬಿರ ಬೇಕು. ಆದರೆ ಹಕ್ಕಿಯ ಹೆಸರು ಹೇಳಿಕೊಟ್ಟು, 'ಈ ಮರ ಯಾರದು, ಈ ನೀರು ಎಲ್ಲಿಗೆ ಹೋಗುತ್ತದೆ' ಎಂದು ಕೇಳದ ಶಿಬಿರ ಬರೀ ಪಿಕ್ನಿಕ್ ಆಗುತ್ತದೆ.

ನಿಮ್ಮೂರಲ್ಲಿ ಶಿಬಿರ ಮಾಡುವುದಾದರೆ ದೂರದ ಗುಡ್ಡಕ್ಕೇ ಹೋಗಬೇಕೆಂದಿಲ್ಲ. ಓಲ್ಡ್ ಟೌನ್‌ನವರು ಹೊಳೆದಂಡೆಯಲ್ಲೇ ಕೂರಬಹುದು. ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು, ಮೀನು ಹಿಡಿಯುವ ಒಬ್ಬರು, ಹೊಳೆಯಲ್ಲಿ ಬಟ್ಟೆ ಒಗೆದ ಅಜ್ಜಿ ಒಬ್ಬರು ಬರಲಿ. ಮೊದಲು ಯಾವ ಮೀನು ಸಿಗುತ್ತಿತ್ತು, ಯಾವ ಚರಂಡಿ ಎಲ್ಲಿ ಹೊಳೆ ಸೇರುತ್ತದೆ, ಹಳೇ ಮರ ಯಾವುದು ಉಳಿದಿದೆ ಎಂದು ಮಕ್ಕಳು ಕೇಳಿ ಬರೆದುಕೊಳ್ಳಲಿ. ಮುಂದಿನ ಸಲ ಆ ಭೂಮಿಯ ಗುತ್ತಿಗೆ ಪತ್ರವೋ, ಹೊಳೆಯ ಯೋಜನೆಯೋ ಗ್ರಾಮಸಭೆಗೆ, ವಾರ್ಡ್ ಸಭೆಗೆ ಬಂದಾಗ ಆ ನೋಟ್‌ಬುಕ್ ಕೈಯಲ್ಲಿರಲಿ.