ಕರಗಿದ ನೆಣ ಯಾರ ಪಾಲು?

ಬನ್ನೂರು ಕುರಿ ಸಾಕೋರು ನಾವು. ನಮ್ಮ ಕುರಿಗೆ ಬೇರೆ ಕುರಿಗಿಂತ ನಾಲ್ಕು ಕಾಸು ಹೆಚ್ಚು ಸಿಗೋದೇ ಬಾಡಿನೊಳಗೆ ಎಳೆಎಳೆಯಾಗಿ ಸೇರಿಕೊಂಡಿರೋ ಕೊಬ್ಬಿನಿಂದ. ಆದರೆ ಈಗ ಅಂಗಡಿ ಮುಂದೆ ನಿಂತೋರು ಮೊದಲು ಹೇಳೋ ಮಾತು, ‘ಕೊಬ್ಬು ತೆಗೆದು ಕೊಡಿ’ ಅಂತ. ಕೊಬ್ಬು ಬೇಡ ಅನ್ನೋರಿಗೆ ಬನ್ನೂರು ಮರಿ ಯಾಕೆ ಬೇಕು? ಉದ್ದ ಕಾಲಿನ, ಬೇಗ ತೂಕ ಬರೋ ಯಾವ ತಳಿ ಆದ್ರೂ ಆಯ್ತು. ಟಗರು ಬೆರಕೆ ಆಗ್ತಾ ಆಗ್ತಾ ಅಪ್ಪಟ ಬನ್ನೂರು ಹಿಂಡು ಕಡಿಮೆ ಆಗಿರೋದು ನಿಮಗೂ ಗೊತ್ತಿರೋದೇ. ಅದಕ್ಕೇ ಈ ಸಲ ಜಂತುಹುಳದ ಔಷಧಿ, ಮೇವಿನ ಮಾತು ಬಿಟ್ಟು ಕೊಬ್ಬಿನ ಹಳೇ ಕತೆ ಬರೀತಿದೀನಿ. ಕತೆ ಇಂಗ್ಲೆಂಡಿನದು. ಯಾಕಂದ್ರೆ ಕರಗಿದ ಕೊಬ್ಬಿಗೆ ಅವರಷ್ಟು ಲೆಕ್ಕ ಬರೆದಿಟ್ಟೋರನ್ನ ನಾನು ಓದಿಲ್ಲ.

ಅವರದ್ದು ನಮ್ಮಂಗೆ ಸಾರು ಮಾಡೋ ಅಡುಗೆ ಅಲ್ಲ. ದೊಡ್ಡ ತುಂಡನ್ನ ಕಬ್ಬಿಣದ ಸರಳಿಗೆ ಚುಚ್ಚಿ ಉರಿಯೋ ಒಲೆ ಮುಂದೆ ತಿರುಗಿಸ್ತಾ ಸುಡೋದು. ತಿರುಗಿಸೋಕೆ ಹುಡುಗರನ್ನ ಇಡ್ತಿದ್ರು, ಕೆಲವು ಮನೆಗಳಲ್ಲಿ ಚಕ್ರದೊಳಗೆ ಓಡೋ ಕುಳ್ಳ ಕಾಲಿನ ನಾಯಿನೇ ಸಾಕಿದ್ರು. ಸುಡುವಾಗ ತೊಟ್ಟಿಕ್ಕೋ ಕೊಬ್ಬಿಗೆ ಕೆಳಗೊಂದು ತಟ್ಟೆ. ಹಾಗೆ ತೊಟ್ಟಿಕ್ಕಿದ್ದಕ್ಕೇ ಡ್ರಿಪ್ಪಿಂಗ್ ಅಂತ ಹೆಸರು. ಹೆಚ್ಚಾಗಿ ದನದ್ದು, ಕುರಿಯದ್ದೂ ಉಂಟು. ಆ ತಟ್ಟೆಗೇ ಹಿಟ್ಟು, ಹಾಲು, ಮೊಟ್ಟೆ ಕಲಸಿ ಸುರಿದರೆ ಅದು ಬಾಡಿನ ಕೆಳಗೇ ಬೆಂದು ಉಬ್ಬಿ ಬರ್ತಿತ್ತು. 1747ರಲ್ಲಿ ಹ್ಯಾನಾ ಗ್ಲಾಸ್ ಅನ್ನೋ ಹೆಣ್ಣುಮಗಳು ಬರೆದ ಅಡುಗೆ ಪುಸ್ತಕದಲ್ಲಿ ಇದಕ್ಕೆ ಯಾರ್ಕ್‌ಶೈರ್ ಪುಡ್ಡಿಂಗ್ ಅಂತಿದೆ. ಅದಕ್ಕೂ ಹತ್ತು ವರ್ಷ ಮೊದಲು ಅಚ್ಚಾದ ಇನ್ನೊಂದು ಪುಸ್ತಕದಲ್ಲಿ ಅದರ ಹೆಸರೇ ಡ್ರಿಪ್ಪಿಂಗ್ ಪುಡ್ಡಿಂಗ್. ಬಾಡು ಬಡಿಸೋಕೆ ಮೊದಲು ಇದನ್ನ ಕೊಟ್ಟು ಹೊಟ್ಟೆ ಅರ್ಧ ತುಂಬಿಸ್ತಿದ್ರಂತೆ. ಒಂದು ಚೂರು ಬಾಡಿಗೆ ಎರಡು ಮುದ್ದೆ ಇಳಿಸಿದ ನಮಗೆ ಈ ಉಪಾಯ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದ ಕೊಬ್ಬನ್ನ ಬಟ್ಟಲಿಗೆ ಬಸಿದಿಡ್ತಿದ್ರು. ಆರಿದ ಮೇಲೆ ಮೇಲೆ ಬಿಳೀ ಕೊಬ್ಬು ಗಟ್ಟಿ, ತಳದಲ್ಲಿ ಕಂದು ಬಣ್ಣದ ರಸ ಲೋಳೆಯಂಗೆ. ಬೆಣ್ಣೆ ಕೊಳ್ಳೋಕಾಗದ ಕೂಲಿ ಮನೆಗಳಲ್ಲಿ ಬ್ರೆಡ್ಡಿಗೆ ಇದೇ ಸವರಿ, ಮೇಲೆ ಉಪ್ಪು ಉದುರಿಸಿ ತಿಂತಿದ್ರು. ತಳದ ಆ ಕಂದು ಭಾಗ ಯಾರಿಗೆ ಅಂತ ಮಕ್ಕಳು ಕಿತ್ತಾಡೋದು.

ಈಗ ಪಾಲಿನ ಮಾತಿಗೆ ಬರ್ತೀನಿ. ಸಾಹುಕಾರರ ಮನೆಗಳಲ್ಲಿ ಡ್ರಿಪ್ಪಿಂಗ್ ಅಡುಗೆಯವಳ ಹಕ್ಕು ಅನ್ನೋ ರೂಢಿ ಇತ್ತು. ಸಂಬಳದ ಮೇಲೆ ಅದು ಅವಳಿಗೆ. ಕೂಡಿಟ್ಟು ಹಿತ್ತಲ ಬಾಗಿಲಲ್ಲಿ ಮಾರ್ತಿದ್ಲು. ಅದನ್ನ ಕೊಳ್ಳೋಕೇ ಒಂದು ಕಸುಬಿನ ಜನ ಇದ್ರು. 1850ರ ಹೊತ್ತಿಗೆ ಲಂಡನ್ನಿನ ಬಡವರ ಕಸುಬುಗಳನ್ನೆಲ್ಲ ಬರೆದಿಟ್ಟ ಹೆನ್ರಿ ಮೇಹ್ಯೂ ತನ್ನ ಪುಸ್ತಕದಲ್ಲಿ ಅವರಿಗೆ ಒಂದು ಭಾಗವನ್ನೇ ಇಟ್ಟಿದಾನೆ. ಸಾಹುಕಾರರ ಮನೆಯಲ್ಲಿ ತೊಟ್ಟಿಕ್ಕಿದ ಕೊಬ್ಬು ಹೀಗೆ ಬಡವರ ಬ್ರೆಡ್ಡಿಗೆ ಬಂದು ಸೇರ್ತಿತ್ತು. ಮನೆ ಯಜಮಾನ್ತಿಯರಿಗೆ ಇದು ಸರಿ ಕಾಣಲಿಲ್ಲ. ಅಡುಗೆಯವಳು ತನ್ನ ಬಟ್ಟಲು ತುಂಬಲಿ ಅಂತ ಒಳ್ಳೇ ಕೊಬ್ಬನ್ನೂ ಕುಯ್ದು ಹಾಕ್ತಾಳೆ, ಸಂಬಳ ಬೇಕಾದ್ರೆ ಸ್ವಲ್ಪ ಏರಿಸಿ ಈ ಹಕ್ಕನ್ನ ತೆಗೀಬೇಕು ಅನ್ನೋ ದೂರು ಅವರದ್ದು. ನಮ್ಮ ಕಣದಲ್ಲಿ ಆಯ ಅಳೆದು ಕೊಡ್ತಿದ್ದ ಕಾಲ ನೆನಪಿರೋರಿಗೆ ಈ ಜಗಳ ಹೊಸದಲ್ಲ. ಕೊಡೋನು ಅದನ್ನ ದಾನ ಅಂತಾನೆ, ತಗೊಳ್ಳೋನು ಹಕ್ಕು ಅಂತಾನೆ. ನಾನಂತೂ ಅಡುಗೆಯವಳ ಕಡೆ. ಆ ಒಲೆ ಝಳಕ್ಕೆ ನಿಂತೋಳು ಅವಳು.

ಇನ್ನೊಂದು ಲೆಕ್ಕ ಇದೆ, ಅದು ನಮಗೆ ಹೆಚ್ಚು ಹತ್ತಿರ. ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಅನ್ನೋ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1775ರಲ್ಲಿ ಒಂದು ಕಾಗದ ಬರೆದ. 1789ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅದು ಸೇರಿದೆ. ಅಲ್ಲಿನ ಕೂಲಿಯವನ ಹೆಂಡತಿ ಹಂದಿ ಬಾಡು ಬೇಯೋ ಮಡಕೆ ಮೇಲೆ ತೇಲೋ ಕೊಬ್ಬನ್ನ ಸೌಟಲ್ಲಿ ತೆಗೆದು ಕೂಡಿಡ್ತಿದ್ಲು. ಕೆರೆ ಅಂಚಿನ ಜೊಂಡಿನಂಥ ಹುಲ್ಲನ್ನ ಬೇಸಿಗೆಯಲ್ಲಿ ಕುಯ್ದು, ಸಿಪ್ಪೆ ಸುಲಿದು, ಒಂದೇ ಒಂದು ಎಳೆ ಸಿಪ್ಪೆ ಬಿಟ್ಟು, ಇಬ್ಬನಿಗೆ ಹಾಕಿ, ಬಿಸಿಲಿಗೆ ಒಣಗಿಸಿ, ಕಾದ ಕೊಬ್ಬಿನಲ್ಲಿ ಅದ್ದಿದರೆ ದೀಪದ ಕಡ್ಡಿ. ಹಂದಿ ಕೊಬ್ಬು ಉಪ್ಪುಪ್ಪಾಗಿದ್ರೆ ಬೆಚ್ಚಗಿಟ್ಟು ಉಪ್ಪು ತಳಕ್ಕೆ ಇಳಿಯೋ ಹಾಗೆ ಮಾಡಬೇಕು, ಮೆತ್ತಗಿದ್ರೆ ಸ್ವಲ್ಪ ಮೇಣ ಇಲ್ಲವೇ ಕುರಿ ಕೊಬ್ಬು ಸೇರಿಸಿ ಗಟ್ಟಿ ಮಾಡಬಹುದು ಅಂತಲೂ ಬರೆದಿದಾನೆ. ಸುಮಾರು ಎರಡೂಕಾಲು ಅಡಿ ಉದ್ದದ ಒಂದು ಕಡ್ಡಿ ಹಚ್ಚಿ ಗಡಿಯಾರ ಹಿಡಿದು ಕೂತಿದಾನೆ ಪುಣ್ಯಾತ್ಮ. 57 ನಿಮಿಷ ಉರೀತಂತೆ. ಆಗ ಅಲ್ಲಿ ಮೇಣದ ಬತ್ತಿಗೆ ಸರ್ಕಾರದ ತೆರಿಗೆ. 1709ರಿಂದ 1831ರವರೆಗೆ ಇತ್ತು. ಮನೇಲಿ ಬತ್ತಿ ಮಾಡಿಕೊಳ್ಳೋಕೂ ಪರವಾನಗಿ ಬೇಕು. ಹುಲ್ಲು ಕಡ್ಡಿಗೆ ಮಾತ್ರ ತೆರಿಗೆ ಇರಲಿಲ್ಲ. ಬಾಡಿನ ಮಡಕೆಯ ಕೊಬ್ಬು ಹೀಗೆ ದೀಪವೂ ಆಯ್ತು.

ವೈಟ್ ಲೆಕ್ಕದಲ್ಲಿ ಒಂದು ಪೌಂಡ್ ಹುಲ್ಲಿಗೆ ಆರು ಪೌಂಡ್ ಕೊಬ್ಬು ಬೇಕು, ಕೊಂಡರೆ ಪೌಂಡಿಗೆ ನಾಲ್ಕು ಪೆನ್ನಿ. ಎಲ್ಲಾ ಸೇರಿ ಮೂರು ಶಿಲ್ಲಿಂಗಿಗೆ 800 ಗಂಟೆ ಬೆಳಕು. ತೀರಾ ಬಡವರು ಇದನ್ನ ಮಾಡದೆ ದಿನಾ ಸಂಜೆ ಅರ್ಧ ಪೆನ್ನಿ ಕೊಟ್ಟು ಬತ್ತಿ ತರ್ತಾರೆ, ಹನ್ನೊಂದು ಗಂಟೆ ಬೆಳಕು ಸಿಗೋ ದುಡ್ಡಿಗೆ ಎರಡೇ ಗಂಟೆ ಬೆಳಕು ಅಂತ ಬೇಜಾರು ಮಾಡ್ಕೊಂಡಿದಾನೆ. ಇಲ್ಲಿ ಪಾದ್ರಿ ಮಾತು ನನಗೆ ಒಪ್ಪಿಗೆ ಇಲ್ಲ. ಮಡಕೆ ಮೇಲೆ ಕೊಬ್ಬು ತೇಲಬೇಕಾದ್ರೆ ಮಡಕೆಯೊಳಗೆ ಬಾಡು ಇರಬೇಕಲ್ಲಪ್ಪ. ಬಾಡೇ ಇಲ್ಲದೋನು ಆರು ಪೌಂಡ್ ಕೊಬ್ಬಿಗೆ ಎರಡು ಶಿಲ್ಲಿಂಗ್ ಒಟ್ಟಿಗೆ ಎಲ್ಲಿಂದ ತರ್ತಾನೆ? ಇವತ್ತೂ ಅಂಗಡೀಲಿ ಸಣ್ಣ ಪಾಕೀಟು ಎಣ್ಣೆ ಹೆಚ್ಚು ರೇಟಿಗೆ ತರೋನು ಲೆಕ್ಕ ಬರದೆ ತರ್ತಿಲ್ಲ. ಜೇಬಲ್ಲಿ ಅಷ್ಟೇ ಇದೆ, ಅದಕ್ಕೆ.

ಎರಡನೇ ಮಹಾಯುದ್ಧ ಬಂದಾಗ ಕೊಬ್ಬಿಗೆ ಇನ್ನೊಂದು ಬೆಲೆ ಬಂತು. ಜಪಾನ್ ಫಿಲಿಪ್ಪೀನ್ಸ್ ಹಿಡಿದ ಮೇಲೆ ಅಮೆರಿಕಕ್ಕೆ ಅಲ್ಲಿಂದ ಬರ್ತಿದ್ದ ಕೊಬ್ಬರಿ ಎಣ್ಣೆ ನಿಂತುಹೋಯ್ತು. ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್ನಿನಿಂದ ಸಿಡಿಮದ್ದು. 1942ರಲ್ಲಿ ಅಲ್ಲಿನ ಸರ್ಕಾರ ಬಾಣಲೆ ಕೊಬ್ಬನ್ನ ಸೋಸಿ ಡಬ್ಬಿಲಿ ಕೂಡಿಟ್ಟು ಬಾಡಿನ ಅಂಗಡಿಗೆ ಕೊಡಿ ಅಂತ ಹೆಂಗಸರನ್ನ ಕೇಳ್ತು. ಪೌಂಡಿಗೆ ನಾಲ್ಕು ಸೆಂಟ್, ಆಮೇಲೆ ಜೊತೆಗೆ ಎರಡು ರೇಷನ್ ಪಾಯಿಂಟೂ ಕೊಟ್ರು. ಮಿನ್ನಿ ಮೌಸನ್ನ ಹಾಕಿ ಡಿಸ್ನಿಯವರು ಇದಕ್ಕೊಂದು ಸಿನಿಮಾನೇ ಮಾಡಿದ್ರು. ಬ್ರಿಟನ್ನಿನಲ್ಲಿ ಬಾಡಿನ ರೇಷನ್ 1940ರಿಂದ 1954ರ ಜುಲೈವರೆಗೆ ಇತ್ತು. ಅಷ್ಟು ವರ್ಷ ಡ್ರಿಪ್ಪಿಂಗ್ ಬಟ್ಟಲನ್ನ ಯಾರು ಚೆಲ್ತಾರೆ?

ನಮ್ಮ ದೇಶಕ್ಕೆ ಡಾಲ್ಡಾ ಬಂದಿದ್ದು 1937ರಲ್ಲಿ. ತುಪ್ಪದ ಜಾಗಕ್ಕೆ ಅಂತ ಬಂತು. ಆಮೇಲೆ ರಿಫೈನ್ಡ್ ಎಣ್ಣೆ, ತಾಳೆ ಎಣ್ಣೆ. ಇವತ್ತು ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ತರಿಸ್ತೀವಿ. ಆ ಎಣ್ಣೆ ಸುರಿದು, ಮರಿಯ ನೆಣವನ್ನ ನಾಯಿಗೆ ಎಸೀತೀವಿ. ಡಾಕ್ಟರು ಕಡಿಮೆ ತಿನ್ನಿ ಅಂದೋರು ಅವರ ಮಾತು ಕೇಳಲಿ, ಅದಕ್ಕೆ ನನ್ನ ತಕರಾರಿಲ್ಲ. ನಾನು ಹೇಳ್ತಿರೋದು ಒಗ್ಗರಣೆಗೆ ಎರಡು ಚಮಚದ ಮಾತು.

ಅವರು ಕೊಬ್ಬು ಶುದ್ಧ ಮಾಡ್ತಿದ್ದ ಕ್ರಮ ನಮ್ಮ ಕುರಿ ನೆಣಕ್ಕೂ ಸರಿಹೋಗುತ್ತೆ, ನಮ್ಮನೇಲಿ ಮಾಡ್ತಿದೀವಿ. ನೆಣವನ್ನ ಸಣ್ಣಗೆ ಹೆಚ್ಚಿ ಸಣ್ಣ ಉರೀಲಿ ಕರಗಿಸಿ ಬಟ್ಟೆಲಿ ಸೋಸಿ. ಅದಕ್ಕೆ ಕುದಿಯೋ ನೀರು ಹಾಕಿ ಚೆನ್ನಾಗಿ ಕಲಕಿ ಆರೋಕೆ ಬಿಡಿ. ಬೆಳಿಗ್ಗೆಗೆ ಮೇಲೆ ಬಿಲ್ಲೆ ಕಟ್ಟಿರುತ್ತೆ. ಎತ್ತಿ, ಅಡಿಗೆ ಅಂಟಿರೋ ಕಸರು ಕೆರೆದು, ಇನ್ನೊಮ್ಮೆ ನೀರು ಚಟಪಟ ಅನ್ನೋದು ನಿಲ್ಲೋವರೆಗೂ ಕಾಯಿಸಿ. ಕೆಡಿಸೋದು ಒಳಗೆ ಉಳಿದ ನೀರು, ಬಾಡಿನ ಚೂರು. ಅವೆರಡೂ ಹೋದ್ರೆ ಕೊಬ್ಬು ಬಹಳ ದಿನ ತಡೆಯುತ್ತೆ. ಮುಚ್ಚಳ ಬಿಗಿಯಾಗಿರಲಿ, ಬೆಳಕು ಬೀಳದಿರಲಿ, ಫ್ರಿಜ್ ಇದ್ರೆ ಅದರಲ್ಲೇ ಇಡಿ. ಕುರಿ ಕೊಬ್ಬು ಬೇಗ ಗಟ್ಟಿಯಾಗಿ ಅಂಗಳಕ್ಕೆ ಅಂಟುತ್ತೆ, ಹಾಗಾಗಿ ಬಿಸಿಬಿಸಿ ಊಟಕ್ಕೇ ಸೈ. ಅವರೆಕಾಳು ಸಾರಿನ ಒಗ್ಗರಣೆಗೆ ಹಾಕಿ ನೋಡಿ.

ಕರಗಿಸಿದ ಮೇಲೆ ಉಳಿಯೋ ಗರಿಗರಿ ಚೂರಿಗೆ ಒಂದೊಂದು ಊರಲ್ಲಿ ಒಂದೊಂದು ಹೆಸರಿರಬೇಕು. ನಿಮ್ಮ ಕಡೆ ಏನಂತೀರ, ಅದು ಯಾರ ಪಾಲಿಗೆ ಹೋಗುತ್ತೆ, ಬರೀರಿ.